ವಿನೆಗರ್ ವಾಸನೆಯ ರೀಲು

ಆಕ್ಲೆಂಡಿನ ಪಾಪಕುರಾ ಸ್ಟೇಷನ್ ಪಕ್ಕದ ಫಿಶ್ ಅಂಡ್ ಚಿಪ್ಸ್ ಅಂಗಡಿಯಲ್ಲಿ ಚಿಪ್ಸಿಗೆ ಚಿಮುಕಿಸುವ ವಿನೆಗರಿನ ಹುಳಿ ವಾಸನೆ ಮೂಗಿಗೆ ಬಡಿದರೆ ಎಲ್ಲರಿಗೂ ಹಸಿವಾಗುತ್ತದೆ. ನನಗೆ ಮಾತ್ರ ತಾತ ನೆನಪಾಗುತ್ತಾರೆ, ಹಿಲ್ಸ್‌ಬರೋದ ನಮ್ಮ ಬಾಡಿಗೆ ಮನೆಯ ಗರಾಜು ನೆನಪಾಗುತ್ತದೆ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅವಳ ಅಪ್ಪ, ನಮ್ಮ ತಾತ, ಮಂಡ್ಯದಿಂದ ನಮ್ಮೊಂದಿಗಿರಲು ಬಂದಾಗ ನನಗೆ ಒಂಬತ್ತು, ತಮ್ಮನಿಗೆ ಆರು. ಬೇರೆಯವರ ತಾತಂದಿರು ಚಟ್ನಿಪುಡಿ ತಂದರೆ ನಮ್ಮವರು ಸೂಟ್‌ಕೇಸಿನಲ್ಲಿ ಹಳೇ ಪ್ರೊಜೆಕ್ಟರ್ ತಂದಿದ್ದರು, ಜೊತೆಗೆ ತಗಡಿನ ಡಬ್ಬಿಯಲ್ಲಿ ಒಂದೇ ಒಂದು ರೀಲು. ಮುಚ್ಚಳ ತೆಗೆದರೆ ಸಾಕು, ಮನೆಯೆಲ್ಲ ವಿನೆಗರ್. ಫಿಲ್ಮು ಕೆಡಲು ಶುರುವಾದರೆ ಹಾಗೇ ನಾರುತ್ತದಂತೆ.

ತಾತ ಸರ್ಕಾರಿ ಪ್ರಚಾರ ವ್ಯಾನಿನಲ್ಲಿ ಊರೂರಿಗೆ ಹೋಗಿ ಸಾಕ್ಷ್ಯಚಿತ್ರ ತೋರಿಸುತ್ತಿದ್ದವರು. "ಬ್ರಿಟಿಷರು ಹೋದ್ರು, ಸರಿ ಕಣವ್ವ. ದೇಶ ಅಂದ್ರೇನು ಅಂತ ನಮ್ ಜನಕ್ಕೆ ಗೊತ್ತಾಗ್ಬೇಕಲ್ಲ? ಅದುಕ್ಕೇ ತೋರಿಸ್ಕಂಡು ತಿರುಗ್ತಿದ್ವಿ" ಎನ್ನುತ್ತಿದ್ದರು. ಅಣೆಕಟ್ಟೆ ಕಟ್ಟುವ ಆ ಚಿತ್ರದಲ್ಲಿ ಯಾರೋ ಇಂಗ್ಲಿಷಿನಲ್ಲಿ ಗುಡುಗುತ್ತಿದ್ದ. ಹಳ್ಳಿಗಳಲ್ಲಿ ಮಾಡುತ್ತಿದ್ದಂತೆಯೇ ಇಲ್ಲೂ ತಾತ ಅವನ ದನಿ ಬಂದ್ ಮಾಡಿ, ಪರದೆಯ ಪಕ್ಕ ನಿಂತು ತಾವೇ ಹೇಳುತ್ತಿದ್ದರು. ಅವನು 'ನೇಷನ್' ಎಂದ ಕಡೆಯಲ್ಲೆಲ್ಲ ತಾತನ ಬಾಯಲ್ಲಿ 'ನಮ್ಮನೆ': "ನೋಡ್ರಪ್ಪಾ, ನಮ್ಮನೆ ಕಟ್ಟೆ ಹೆಂಗೆ ಏಳ್ತಾ ಅದೆ!" ಭಾನುವಾರ ಮಧ್ಯಾಹ್ನ ಗರಾಜಿನ ಬಾಗಿಲೆಳೆದು, ಬೆಡ್‌ಶೀಟ್ ಕಟ್ಟಿದರೆ ಅಕ್ಕಪಕ್ಕದ ಕನ್ನಡ ಮನೆಗಳ ಮಕ್ಕಳೆಲ್ಲ ಹಾಜರು. ಅಣೆಕಟ್ಟೆಗೆ ಮಣ್ಣು ಹೊರುವ ಹೆಂಗಸರ ಸಾಲಿನ ಕೊನೆಗೆ ಒಬ್ಬಳು ಬರುತ್ತಿದ್ದಳು. ಮಣ್ಣಿನ ಮಂಕರಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ನಮ್ಮನ್ನೇ ನೋಡಿ ನಗುತ್ತಿದ್ದಳು. "ಈಸ್ ದಟ್ ಅವರ್ ಅಜ್ಜಿ?" ಎಂದು ತಮ್ಮ ಪ್ರತಿ ಸಲವೂ ಕೇಳುತ್ತಿದ್ದ. ಹೌದು, ಅವಳೇ.

ಅಮ್ಮ ಕೈಗೂಸಾಗಿದ್ದಾಗಲೇ ಅಜ್ಜಿ ತೀರಿಕೊಂಡಿದ್ದಳು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಇಲಾಖೆಯವರು ಹಳೇ ರೀಲುಗಳನ್ನು ಗುಜರಿಗೆ ಹಾಕುವಾಗ ತಾತ ಇದೊಂದನ್ನು ಬೇಡಿ ಪಡೆಯುವ ಹೊತ್ತಿಗೆ ಅಮ್ಮ ಆಕ್ಲೆಂಡಿಗೆ ಬಂದಾಗಿತ್ತು. ಹೆತ್ತವಳ ಮುಖ ನೋಡಲು ಅವಳಿಗೆ ಇದ್ದದ್ದು ಇದೊಂದೇ ದಾರಿ. ಆದರೆ ಭಾನುವಾರ ಬಂತೆಂದರೆ ಡ್ಯೂಟಿ. "ಮುಂದಿನ ವಾರ ಖಂಡಿತ, ಅಪ್ಪ." ರಜೆಯಿದ್ದ ದಿನವೂ ಬಟ್ಟೆ ಒಗೆಯುವ ನೆಪ. ನೋಡಲು ಹೆದರಿಕೆಯಿತ್ತೋ ಏನೋ ಎಂದು ಈಗ ಅನಿಸುತ್ತದೆ. ಕೊನೆಗೊಂದು ಭಾನುವಾರ ಯೂನಿಫಾರ್ಮಿನಲ್ಲೇ ಬಂದು ನಮ್ಮ ನಡುವೆ ಕೂತಳು. ಹೆಂಗಸರ ಸಾಲು ಶುರುವಾಯಿತು. ಅಷ್ಟರಲ್ಲಿ ಪ್ರೊಜೆಕ್ಟರ್ ಕರಕರ ಎಂದು, ಫಿಲ್ಮು ಪಟಪಟನೆ ಮುರಿದು ಉದುರಿತು. ಉಳಿದದ್ದು ಒಂದಕ್ಕೊಂದು ಮೆತ್ತಿಕೊಂಡಿತ್ತು; ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತಿತ್ತು. ಅಯ್ಯೋ, ತಾತ ಪರದೆಯ ಪಕ್ಕದಿಂದ ಬಂದು ಚೂರುಗಳನ್ನು ಒಂದೊಂದಾಗಿ ಆಯತೊಡಗಿದರು. ಅಮ್ಮ ಖಾಲಿ ಬೆಡ್‌ಶೀಟನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗದೆ ಎದ್ದು ತಾತನ ಜಾಗದಲ್ಲಿ ನಿಂತೆ. "ನೋಡಮ್ಮ, ಬಂದ್ಳು. ಮಂಕರಿ ಇಳಿಸ್ತಾಳೆ. ಮುಖ ಒರೆಸ್ಕೋತಾಳೆ." ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ನನಗೆ ಅಷ್ಟು ಕನ್ನಡ ಎಲ್ಲಿಂದ ಬಂತೋ! ತಮ್ಮನೂ ಎದ್ದು ಕೂಗಿದ: "ಈಗ ನಗ್ತಾಳೆ! ನಮ್ಮನೆ ಅಜ್ಜಿ!"

"ಹೂಂ, ಕಂಡ್ಳು" ಎಂದಳು ಅಮ್ಮ, ಅಳುತ್ತ.

ತಾತ ತೀರಿಹೋದರು. ಆ ಮನೆ ಕೆಡವಿದ ಜಾಗದಲ್ಲಿ ಟೌನ್‌ಹೌಸುಗಳು ಎದ್ದಿವೆ, ಗರಾಜಿನ ಮಕ್ಕಳು ಎಲ್ಲೆಲ್ಲೋ ಚದುರಿದ್ದಾರೆ. ನಿಮಗೂ ಇಂಥದೊಂದು ಮನೆ ಇದ್ದಿರಬಹುದು, ಈಗ ಇರಲಿಕ್ಕಿಲ್ಲ. ಅಮ್ಮ ನನ್ನ ಜೊತೆ ಪಾಪಕುರಾದಲ್ಲಿದ್ದಾಳೆ. ಶುಕ್ರವಾರ ಸಂಜೆ ಚಿಪ್ಸ್ ಪೊಟ್ಟಣ ಬಿಚ್ಚಿದರೆ ಅದೇ ವಾಸನೆ ಏಳುತ್ತದೆ. ಅವಳು ಗೋಡೆಯ ಕಡೆ ತಿರುಗಿ ಕೂತು, "ಎಲ್ಲಿ, ಹೇಳು" ಎನ್ನುತ್ತಾಳೆ. ನಾನು ಶುರು ಮಾಡುತ್ತೇನೆ: ನೋಡಮ್ಮ, ಬಂದ್ಳು. ಮಂಕರಿ ಇಳಿಸ್ತಾಳೆ.