ಎದುರುಮನೆಯ ಸಹಿ

ನಮ್ಮಮ್ಮನಿಗೆ ಹೊಲಿಗೆ ಬರುತ್ತಿತ್ತು, ವ್ಯವಹಾರ ಬರುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ವ್ಯವಹಾರ ಚೆನ್ನಾಗಿಯೇ ಬರುತ್ತಿತ್ತು. ಇನ್ನೊಬ್ಬರ ಹತ್ತಿರ ಕೇಳುವುದಕ್ಕೆ ಮಾತ್ರ ಬಾಯಿ ಬರುತ್ತಿರಲಿಲ್ಲ.

ಮೂರನೇ ಮಹಡಿಯ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುಂದಿನ ಕೋಣೆಯ ತುಂಬ ಹೊಲಿಗೆ ಯಂತ್ರ, ಬಟ್ಟೆ ತುಂಡುಗಳು, ರಟ್ಟಿನ ಡಬ್ಬಗಳು. ಅಮ್ಮ ಮಕ್ಕಳ ಫ್ರಾಕು ಹೊಲಿದು, ಫೋನಿನಲ್ಲಿ ಫೋಟೊ ಹಾಕಿ ಆನ್‌ಲೈನಿನಲ್ಲಿ ಮಾರುತ್ತಿದ್ದಳು. ಎದುರುಮನೆ ಆಂಟಿ ಉಲ್ಲನ್ ಸ್ವೆಟರ್ ಹೆಣೆಯುತ್ತಿದ್ದರು. ಅವೂ ಅಮ್ಮನ ಹೆಸರಿನಲ್ಲೇ ಮಾರಾಟವಾಗುತ್ತಿದ್ದವು. ಆಂಟಿಗೆ ಇದ್ದದ್ದು ಗಂಡನ ಜೊತೆಗಿನ ಜಂಟಿ ಖಾತೆ ಒಂದೇ. ಹೆಂಡತಿ ಹೊತ್ತು ಹೋಗದೆ ಹೆಣೆದು ಹಂಚುತ್ತಾಳೆ ಎಂದು ಆ ಮಹಾರಾಯ ನಂಬಿದ್ದ. ದುಡ್ಡಿನ ವಿಷಯ ಗೊತ್ತಾದರೆ ಆಂಟಿಗೆ ಏಟು ತಪ್ಪುತ್ತಿರಲಿಲ್ಲ. ಹಾಗಾಗಿ ಪ್ರತಿ ಶನಿವಾರ ಅಮ್ಮ ನೋಟುಗಳನ್ನು ಉಲ್ಲನ್ ಉಂಡೆಗಳ ಚೀಲದಲ್ಲಿ ಹುದುಗಿಸಿ ಎದುರು ಬಾಗಿಲಿಗೆ ದಾಟಿಸುತ್ತಿದ್ದಳು. ಚೀಟಿ ಇಲ್ಲ, ಸಹಿ ಇಲ್ಲ. ಸಕ್ಕರೆ ಕಡ ತರುವ ಮನೆಯಲ್ಲಿ ಸಹಿ ಕೇಳುವುದೆಂದರೆ ಅಮ್ಮನ ಪಾಲಿಗೆ ನಾಚಿಕೆಗೇಡು.

ಆ ವರ್ಷ ನನಗೆ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮನೆಯ ಆದಾಯ ಒಂದು ಮಿತಿಯೊಳಗಿದ್ದರೆ ಫೀಸು ಪೂರ್ತಿ ಮನ್ನಾ. ಅದಕ್ಕೆ ತೆರಿಗೆಯ ಲೆಕ್ಕ ಸಲ್ಲಿಸಿದ ಕಾಗದ ತೋರಿಸಬೇಕು. ಅಪ್ಪ ಇಲ್ಲದ ಮನೆ, ನಾವಿಬ್ಬರೇ, ಮಿತಿ ದಾಟುವ ಮಾತೆಲ್ಲಿಂದ ಬಂತು ಎಂದು ನಗುತ್ತಲೇ ಆಡಿಟರ್ ಆಫೀಸಿಗೆ ಹೋದೆವು.

ಆಡಿಟರ್ ಕಂಪ್ಯೂಟರನ್ನು ನಮ್ಮ ಕಡೆಗೆ ತಿರುಗಿಸಿದರು. ಅಮ್ಮನ ಖಾತೆಗೆ ವರ್ಷವಿಡೀ ಎಷ್ಟು ಹಣ ಹೋಗಿದೆಯೆಂದು ಆನ್‌ಲೈನ್ ಕಂಪನಿಯವರು ತೆರಿಗೆ ಇಲಾಖೆಗೆ ಆಗಲೇ ತಿಳಿಸಿಬಿಟ್ಟಿದ್ದರು. ಬಟ್ಟೆ, ದಾರ, ಪಾರ್ಸಲ್ ಖರ್ಚು ಎಲ್ಲ ಕಳೆದರೂ ಉಳಿದದ್ದು ಮಿತಿಯ ಎರಡರಷ್ಟು. ಅದರಲ್ಲಿ ಮುಕ್ಕಾಲು ಪಾಲು ಸ್ವೆಟರಿನದು ಎಂದು ಅಮ್ಮ ತಡವರಿಸಿದಳು. ಹಣ ತಲುಪಿದೆಯೆಂದು ಎದುರುಮನೆಯವರು ಬರೆದು ಸಹಿ ಮಾಡಿಕೊಟ್ಟರೆ ಅಷ್ಟನ್ನು ಕಳೆಯಬಹುದು, ಇಲ್ಲದಿದ್ದರೆ ಪೂರ್ತಿ ನಿಮ್ಮದೇ ಸಂಪಾದನೆ ಎಂದರು ಆಡಿಟರ್.

ಕಾಗದ ಹಿಡಿದು ನೇರ ಎದುರುಮನೆಗೆ ಹೋದೆವು. ಬಾಗಿಲು ತೆರೆದದ್ದು ಆಂಟಿಯೇ, ಆದರೆ ಅವರ ಬೆನ್ನ ಹಿಂದೆ ಗಂಡ ನಿಂತಿದ್ದ. ಅವತ್ತು ಅವನಿಗೆ ರಜೆಯೆಂದು ನಮಗೆ ಗೊತ್ತಿರಲಿಲ್ಲ. ಅಮ್ಮ ಕಾಗದವನ್ನು ಹಿಂದಕ್ಕೆ ಸರಿಸಿ, ಆಮೇಲೆ ಬರುತ್ತೇನೆಂದು ತಿರುಗಿದಳು. ನನ್ನ ತಲೆಯಲ್ಲಿ ಫೀಸು ಬಿಟ್ಟರೆ ಬೇರೇನೂ ಇರಲಿಲ್ಲ. ನಾನೇ ಬಾಯಿ ಹಾಕಿದೆ.

"ಆಂಟಿ, ಸ್ವೆಟರ್ ಮಾರಿದ ದುಡ್ಡು ನಿಮಗೆ ಸೇರಿದೆ ಅಂತ ಒಂದು ಸಹಿ ಹಾಕಿಕೊಡಿ, ಸಾಕು."

ಆಂಟಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಾವ ದುಡ್ಡು? ನಿಮ್ಮಮ್ಮ ನನಗೆ ಒಂದು ಕಾಸೂ ಕೊಟ್ಟಿಲ್ಲ."

ನಾನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಹೆಂಗಸು, ನೆಲ ನೋಡುತ್ತಾ ಅಷ್ಟು ದೊಡ್ಡ ಸುಳ್ಳು ಹೇಳಿದ್ದರು. ಗಂಡ ಆಂಟಿಯನ್ನು ಪಕ್ಕಕ್ಕೆ ತಳ್ಳಿ ಮುಂದೆ ಬಂದ. ಅಂದರೆ ಇಷ್ಟು ದಿನ ಮಾರಿ ನುಂಗಿದ್ದು ನೀವೇನಾ ಎಂದು ಅಮ್ಮನನ್ನು ಕೇಳಿದ. ಶನಿವಾರದ ಚೀಲಗಳ ವಿಷಯವನ್ನು ಅಮ್ಮ ಈಗ ಹೇಳೇ ಹೇಳುತ್ತಾಳೆಂದು ನಾನು ಕಾದೆ.

"ಹೌದು," ಎಂದಳು ಅಮ್ಮ. "ನಾನೇ ಇಟ್ಕೊಂಡೆ. ಖರ್ಚೂ ಆಗೋಯ್ತು."

ಮೂರು ಮಹಡಿಗೂ ಕೇಳುವ ಹಾಗೆ ಅವನು ಅಮ್ಮನನ್ನು ಕಳ್ಳಿ ಎಂದು ಕೂಗಿದ. ಅಮ್ಮ ಮೆಟ್ಟಿಲಿಳಿದು ಮತ್ತೆ ಆಡಿಟರ್ ಹತ್ತಿರ ಹೋಗಿ, ಅಷ್ಟೂ ಹಣ ತನ್ನದೇ ಆದಾಯವೆಂದು ಬರೆಸಿ ಸಹಿ ಹಾಕಿದಳು. ಫೀಸು ಕಟ್ಟಲಾಗದೆ ನನ್ನ ಸೀಟು ಆಮೇಲೆ ಬೇರೆ ಯಾರಿಗೋ ಹೋಯಿತು.

ಅವತ್ತು ವಾಪಸ್ ಬರುವಾಗ ದಾರಿಯುದ್ದಕ್ಕೂ ಅಳುತ್ತಾ, ಯಾಕಮ್ಮ ಹೀಗೆ ಮಾಡಿದೆ ಎಂದು ಕೇಳಿದೆ.

"ನಿನಗೆ ಮುಂದಿನ ವರ್ಷ ಇದೆ ಕಣೆ," ಎಂದಳು ಅಮ್ಮ. "ಅವಳು ಇವತ್ತು ರಾತ್ರಿ ಅದೇ ಮನೇಲಿ ಇರಬೇಕಲ್ಲ."