ವಾಲಿದ ದೋಣಿಗೆ ಕೊರೆದ ತೂತು

ಕುಂದಾಪುರದಲ್ಲಿ ರೇಡಿಯೊ, ಟಿವಿ ರಿಪೇರಿ ಮಾಡಿಕೊಂಡಿದ್ದ ನನ್ನನ್ನು ದೋಣಿಯ ಕೆಲಸಕ್ಕೆ ಕರೆದವರನ್ನು ಮೊದಲು ಬೈಯಬೇಕು. ಹಡಗಿನ ನೌಕರಿಯಿಂದ ನಿವೃತ್ತರಾದ ಒಬ್ಬರು ಹಂಗಾರಕಟ್ಟೆಯಲ್ಲಿ ಸಣ್ಣದೊಂದು ಹಾಯಿದೋಣಿ ಕಟ್ಟಿಸುತ್ತಿದ್ದರು. ನೀರಿನ ಆಳ ತೋರಿಸುವ ಯಂತ್ರವನ್ನು ಹೊರದೇಶದಿಂದ ತಂದಿದ್ದರು. ತಳದ ಹಲಗೆ ಕೊರೆದು ಅದರ ಸೆನ್ಸರ್ ಕೂರಿಸಬೇಕು. ಸೆನ್ಸರಿನ ಮುಖ ನೆಟ್ಟಗೆ ಕೆಳಗೆ ನೋಡಬೇಕು. ಕರೆಂಟಿನ ವಸ್ತುವಲ್ಲವೇ, ನೀವೇ ಮಾಡಿ ಎಂದರು. ದೋಣಿಯ ಗಂಧಗಾಳಿ ಇಲ್ಲದ ನಾನೂ ಹೂಂ ಎಂದೆ. ನನಗಾದರೂ ಬುದ್ಧಿ ಬೇಡವೇ?

ದೋಣಿ ಕಟ್ಟುತ್ತಿದ್ದ ಮೇಸ್ತ್ರಿಗೆ ಅರವತ್ತು ದಾಟಿತ್ತು. ತನ್ನ ದೋಣಿ ತೇಪೆಯಿಲ್ಲದೆ ನೀರಿಗಿಳಿಯಬೇಕು ಎನ್ನುವ ಮನುಷ್ಯ. ಇದು ಮೆಚ್ಚಿಗೆಯಾದರೆ ಪ್ರವಾಸಿಗರಿಗೆಂದು ಇನ್ನೊಂದು ದೊಡ್ಡ ದೋಣಿಯನ್ನೂ ಅವರಿಗೇ ಕೊಡುವುದೆಂದು ಮಾತಾಗಿತ್ತು. ಅದೇ ತಮ್ಮ ಕಡೆಯ ದೋಣಿ ಎಂದು ಎಲ್ಲರಿಗೂ ಹೇಳಿಕೊಂಡಿದ್ದರು.

ನಾನು ಡ್ರಿಲ್ ಹಿಡಿದಾಗ ಅವರು ಹತ್ತಿರ ಬಂದು, ಆಧಾರದ ಮರಗಳ ಮೇಲೆ ದೋಣಿ ಒಂದು ಬದಿಗೆ ವಾಲಿದೆ, ನೆಟ್ಟಗೆ ಮಾಡಿಕೊಡುತ್ತೇನೆ, ನಾಳೆ ಕೊರೆಯಿರಿ ಎಂದರು. ನಾನು ಡ್ರಿಲ್ಲಿಗೇ ರಸಮಟ್ಟ ಹಿಡಿದು, ಅದು ನೆಟ್ಟಗಿರುವುದನ್ನು ತೋರಿಸಿದೆ. ಗುಳ್ಳೆ ನಡುವಿನಲ್ಲೇ ಇತ್ತು. ವಾಲಿರುವುದು ನಿಮ್ಮ ಕಣ್ಣು ಎಂದು ಆಗಲೇ ಕೊರೆದುಬಿಟ್ಟೆ. ದೋಣಿಯೇ ವಾಲಿದ್ದರೆ ರಸಮಟ್ಟ ಕಟ್ಟಿಕೊಂಡು ಏನು ಮಾಡುವುದು? ಅಷ್ಟು ಸಣ್ಣ ಲೆಕ್ಕ ನನ್ನ ತಲೆಗೆ ಹೊಳೆಯಲಿಲ್ಲ.

ನೀರಿಗಿಳಿಸಿದ ಮೇಲೆ ದೋಣಿ ನೆಟ್ಟಗಾಯಿತು, ಸೆನ್ಸರ್ ಓರೆಯಾಯಿತು. ಗಳ ಹಾಕಿ ನೋಡಿದರೆ ಎದೆಮಟ್ಟ ನೀರು. ಪರದೆಯಲ್ಲಿ ಅಂಕಿ ಜಿಗಿಯುತ್ತದೆ, ಮಾಯವಾಗುತ್ತದೆ. ವಯರು ಬಿಚ್ಚಿದೆ, ಜೋಡಿಸಿದೆ, ಯಂತ್ರ ಮಾಡಿದವರ ವಂಶಕ್ಕೆಲ್ಲ ಬೈದೆ. ಮೂರು ದಿನ ಹೀಗೇ ಹಾಳಾಯಿತು. ಕಡೆಗೆ ದೋಣಿಯನ್ನು ಮತ್ತೆ ದಡಕ್ಕೆಳೆದು, ನನ್ನ ತೂತಿಗೆ ಮೇಸ್ತ್ರಿಯೇ ಮರದ ಬೆಣೆ ಬಡಿದು, ಪಕ್ಕದಲ್ಲಿ ಹೊಸದು ಕೊರೆದರು. ಯಂತ್ರ ಸರಿಹೋಯಿತು. ಹೊಸ ದೋಣಿಯ ತಳಕ್ಕೆ ತೇಪೆ ಬಿತ್ತು.

ಯಜಮಾನರು ಬಂದು ತೇಪೆಯ ಮೇಲೆ ಬೆರಳಿಟ್ಟು, ಇದು ಯಾರ ಕೆಲಸ ಎಂದು ಮೇಸ್ತ್ರಿಯನ್ನು ಕೇಳಿದರು. ತಳದಲ್ಲಿ ಏನಾದರೂ ಮೇಸ್ತ್ರಿಯೇ ಹೊಣೆ, ಅದು ಅಲ್ಲಿನ ಕ್ರಮ. ನಾನು ಸ್ಕ್ರೂಡ್ರೈವರ್ ಒರೆಸುತ್ತ ಅಲ್ಲೇ ನಿಂತಿದ್ದೆ.

"ನಂದೇ ತಪ್ಪ್, ಅಯ್ಯ," ಎಂದರು ಮೇಸ್ತ್ರಿ. "ದೋಣಿ ವಾಲಿ ನಿಂತದ್ ನಾ ಕಾಣ್ಲಿಲ್ಲ."

ಹೇಳಿ ನನ್ನ ಕಡೆ ನೋಡಿದರು. ಬಾಯಿ ಬಿಡಲು ಬೇಕಾದಷ್ಟು ಹೊತ್ತಿತ್ತು. ನಾನು ಒರೆಸುತ್ತಲೇ ಇದ್ದೆ. ಆ ನನ್ನ ಬಾಯಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ದೊಡ್ಡ ದೋಣಿಯ ಕೆಲಸ ಬೇರೊಬ್ಬ ಮೇಸ್ತ್ರಿಗೆ ಹೋಯಿತು. ಅದಕ್ಕೆ ಯಂತ್ರ ಕೂರಿಸಲು ಯಜಮಾನರು ಕರೆದದ್ದು ಮಾತ್ರ ನನ್ನನ್ನೇ.