ಇನ್ಸ್‌ಪೆಕ್ಟರ ಕೋಟಿನ ಒಂದೆಳೆ

ಗೆಳೆಯರೇ, ಇಂದು ಮಧ್ಯಾಹ್ನ ಬಂಡಳ್ಳಿಯ ನಮ್ಮ ಶಾಲೆಗೆ ಜಿಲ್ಲಾ ಕೇಂದ್ರವಾದ ಕೊಯಮತ್ತೂರಿನಿಂದ ಶಾಲಾ ಇನ್ಸ್‌ಪೆಕ್ಟರು ಬಂದಾಗ ನಾನು ಉಣ್ಣೆಯ ಇಂಗ್ಲಿಷ್ ಪದಗಳನ್ನು ಹೇಳಿಕೊಡುತ್ತಿದ್ದೆ. ವುಲ್ ಎಂದರೆ ಉಣ್ಣೆ. ಫ್ಲೀಸ್ ಎಂದರೆ ಒಂದು ಕುರಿಯ ಮೈಮೇಲಿನ ಅಷ್ಟೂ ಉಣ್ಣೆ. ಆಮೇಲೆ "ವರ್ಸ್ಟೆಡ್" ಎಂದೆನೋ ಇಲ್ಲವೋ, ಅವರು ಮಕ್ಕಳೆದುರೇ ಗದರಿದರು.

"ಏನ್ರೀ ಮೇಷ್ಟ್ರೇ, ಅದು ವುಸ್ಟೆಡ್! ಬಾಚಿ ನೂತ ನಯವಾದ ಉಣ್ಣೆ. ನೋಡಿ, ನನ್ನ ಈ ಕೋಟೇ ವುಸ್ಟೆಡ್. ನಿಮ್ಮ ಉಚ್ಚಾರಣೆ ಎಂಥದ್ದು ಅಂತ ಷರಾ ಪುಸ್ತಕದಲ್ಲಿ ಬರೀತೀನಿ."

ಬರೆದರೆ ನನ್ನ ಬಡ್ತಿ ಹೋದಂತೆಯೇ. ಅಷ್ಟರಲ್ಲಿ ಶಾಲೆಯ ಜಗಲಿಯಲ್ಲಿ ಕೂತು ಕಂಬಳಿಗೆ ಉಣ್ಣೆ ನೂಲುತ್ತಿದ್ದ ಸಿದ್ದಮ್ಮ ಎದ್ದು ಬಂದು, ಕೋಟಿನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಇದು ಉಣ್ಣ ಅಲ್ಲ ಕಣ್ ಸಾ, ಅತ್ತಿ."

"ನಿನಗೇನಮ್ಮ ಗೊತ್ತು?" ಎಂದರು ಇನ್ಸ್‌ಪೆಕ್ಟರು.

"ಉಣ್ಣ ಸುಟ್ರ ಕೂದ್ಲು ಸುಟ್ಟ ನಾತ ಬತ್ತದ. ಒಂದೆಳೆ ಕೊಡಿ, ತೋರುಸ್ತೀನಿ."

ಹಠಕ್ಕೆ ಬಿದ್ದು ಅವರೇ ಒಂದೆಳೆ ಕಿತ್ತುಕೊಟ್ಟರು. ಸಿದ್ದಮ್ಮ ಮೊದಲು ತನ್ನ ಕಂಬಳಿಯ ಎಳೆಗೆ ಬೆಂಕಿಕಡ್ಡಿ ಹಿಡಿದಳು. ಅದು ಚುರುಟಿಕೊಂಡು ಕೂದಲು ಸುಟ್ಟ ನಾತ ಎದ್ದಿತು. ಕೋಟಿನ ಎಳೆಯೋ ದೀಪದ ಹತ್ತಿಬತ್ತಿಯ ಹಾಗೆ, ಆ ನಾತವೇ ಇಲ್ಲದೆ ಉರಿದು ಬೂದಿಯಾಯಿತು. ಮೂಗು ಹಿಡಿಯಲು ಸಜ್ಜಾಗಿದ್ದ ಮಕ್ಕಳು ಹೋ ಎಂದು ನಕ್ಕರು.

ಷರಾ ಪುಸ್ತಕದಲ್ಲಿ ಈಗ "ಪಾಠ ತೃಪ್ತಿಕರ" ಎಂದಷ್ಟೇ ಇದೆ. ನಾಳೆಯಿಂದ ನಾನೂ ವುಸ್ಟೆಡ್ ಎಂದೇ ಹೇಳಿಕೊಡುತ್ತೇನೆ. ಉಚ್ಚಾರಣೆ ಅವರದೇ ಸರಿ, ತಪ್ಪು ಕೋಟಿನದು.